ಫೆಬ್ರವರಿಗೆ ಯಾಕೆ ಕಡಿಮೆ ದಿನ?

(ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ತಾಯಿಯೊಬ್ಬರು ನಾಲ್ಕೂಕಾಲು ವರ್ಷದ ಮಗನ ಬಗ್ಗೆ ಮೂರು ಪುಟ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಮಗ ಬಸ್ಸಿನಲ್ಲಿ ಕೂತು ಕನ್ನಡ, ಮಲಯಾಳ ಎರಡೂ ಬೋರ್ಡು ಓದುತ್ತಾನೆ. ಯಾರೂ ಕೂರಿಸಿ ಕಲಿಸಿದ್ದಲ್ಲ. ಈ ವರ್ಷದ ಯಾವ ತಾರೀಕು ಹೇಳಿದರೂ ಯಾವ ವಾರ ಎಂದು ಹೇಳುತ್ತಾನೆ. ಆದರೆ ಅಂಗನವಾಡಿಯಲ್ಲಿ ಒಬ್ಬನೇ ಕೂರುತ್ತಾನೆ, ಪೆನ್ಸಿಲಿನ ಮೊನೆ ಮುರಿದರೆ ಅರ್ಧ ಗಂಟೆ ಅಳುತ್ತಾನೆ. ಅವನ ದೊಡ್ಡಪ್ಪನಿಗೆ ವಿಡಿಯೋ ಮಾಡಿ ಹಾಕಬೇಕು, ಟಿವಿಗೆ ಕಳಿಸಬೇಕು ಎಂದು ಆಸೆ. ಪರಿಚಯದ ಮಾಷ್ಟ್ರು ನೇರ ಎರಡನೇ ಕ್ಲಾಸಿಗೆ ಸೇರಿಸಲು ನೋಡಿ ಎಂದಿದ್ದಾರೆ. ಇಂಥ ತಲೆಯನ್ನು ಕನ್ನಡ ಶಾಲೆಗೆ ಹಾಕಿ ಹಾಳು ಮಾಡಬೇಡಿ ಎಂದವರೂ ಇದ್ದಾರೆ. "ನನ್ನ ಮಗ ನಿಜವಾಗಿಯೂ ವಿಶೇಷವಾ? ನಾನೇನು ಮಾಡಲಿ?" ಎಂದು ತಾಯಿ ಕೇಳಿದ್ದಾರೆ. – ಸಂ.)

ತಂಗೀ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರನೇ ಸಲ ಪೆನ್ಸಿಲ್ ಹಿಡಿದು ಕೂತೆ. ದೊಡ್ಡವರು ಮಗುವಿಗೆ ಕೇಳಿದ ಪ್ರಶ್ನೆಗಳ ಕೆಳಗೆಲ್ಲ ಗೆರೆ ಎಳೆದೆ. "ನವೆಂಬರ್ 14 ಯಾವ ವಾರ ಹೇಳು", "ಆ ಬೋರ್ಡಿನಲ್ಲಿ ಏನಿದೆ ಓದು", "ಮಾವನಿಗೆ ಒಮ್ಮೆ ಹೇಳಿ ತೋರಿಸು." ಒಟ್ಟು ಹನ್ನೊಂದು ಸಿಕ್ಕಿತು. ಅವನೇ ಕೇಳಿದ ಪ್ರಶ್ನೆ ಒಂದೇ ಒಂದು. ಎರಡನೇ ಪುಟದ ಕೊನೆಗೆ ನೀವು ಹಾಗೇ ಬರೆದುಕೊಂಡು ಹೋಗಿದ್ದೀರಿ: "ಮೊನ್ನೆಯಿಂದ ಫೆಬ್ರವರಿಗೆ ಯಾಕೆ ಕಡಿಮೆ ದಿನ ಅಂತ ಪೀಡಿಸುತ್ತಾನೆ, ಏನು ಹೇಳುವುದು ಗೊತ್ತಾಗುವುದಿಲ್ಲ." ಆ ಸಾಲಿಗೆ ಎರಡು ಗೆರೆ ಎಳೆದಿದ್ದೇನೆ. ಅಲ್ಲಿಗೆ ಕೊನೆಯಲ್ಲಿ ಬರುತ್ತೇನೆ.

ಮೊದಲು ನಿಮ್ಮ ಪ್ರಶ್ನೆ. ಹೌದು, ನಿಮ್ಮ ಮಗನ ಬುದ್ಧಿ ಈ ವಯಸ್ಸಿಗೆ ಅಪರೂಪದ್ದೇ. ನಾಲ್ಕು ವರ್ಷಕ್ಕೆ ಎರಡು ಲಿಪಿ ತಾನಾಗಿ ಓದುವ ಮಕ್ಕಳು ಕಡಿಮೆ. ಹೆತ್ತವರ ಕಣ್ಣಿಗೆ ಹಾಗೆ ಕಾಣುತ್ತಿದೆ ಅಷ್ಟೇ ಎಂದು ನಾನು ತಳ್ಳಿಹಾಕುವುದಿಲ್ಲ. ಆದರೆ ಎಷ್ಟು ವಿಶೇಷ ಎಂದು ಅಳೆಯಲು ಹೊರಟರೆ ದಾರಿ ತಪ್ಪುತ್ತದೆ. ಅಮೆರಿಕದಲ್ಲಿ ಲೂಯಿಸ್ ಟರ್ಮನ್ ಎಂಬ ಮನಶ್ಶಾಸ್ತ್ರಜ್ಞ 1921ರಲ್ಲಿ ಬುದ್ಧಿ ಪರೀಕ್ಷೆ ಮಾಡಿ ಸುಮಾರು 1,500 ಮಕ್ಕಳನ್ನು ಆರಿಸಿದ. ಜೀವನವಿಡೀ ಅವರನ್ನು ಗಮನಿಸುತ್ತಾ ಬಂದ. ಹೆಚ್ಚಿನವರು ಚೆನ್ನಾಗಿಯೇ ಓದಿದರು, ಒಳ್ಳೆಯ ಕೆಲಸ ಹಿಡಿದರು. ಆದರೆ ನೊಬೆಲ್ ಬಹುಮಾನ ಅವರಲ್ಲಿ ಒಬ್ಬರಿಗೂ ಬರಲಿಲ್ಲ. ಅಂಕ ಸಾಲದು ಎಂದು ಆ ಪರೀಕ್ಷೆಯಲ್ಲಿ ಹೊರಗುಳಿದ ಇಬ್ಬರು ಹುಡುಗರಿಗೆ ಮುಂದೆ ಭೌತಶಾಸ್ತ್ರದ ನೊಬೆಲ್ ಬಂತು: ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಅಲ್ವಾರೆಜ್. ಪರೀಕ್ಷೆ ಮಾಡಿದವರು ದಡ್ಡರಲ್ಲ. ಮಗು ಮುಂದೆ ಏನಾಗುತ್ತದೆ ಎನ್ನುವುದು ಅಂಥ ಪರೀಕ್ಷೆಯ ಕೈಗೆ ಸಿಗುವುದಿಲ್ಲ.

ನಾನು ನೋಡುವುದು ಬೇರೆಯದನ್ನು. ಯಾರೂ ನೋಡದೆ ಇರುವಾಗ ಮಗು ಏನು ಮಾಡುತ್ತದೆ? ಕೊಚ್ಚಿಯ ಕ್ಲಿಂಟ್ ಎಂಬ ಹುಡುಗನ ಬಗ್ಗೆ ನೀವು ಕೇಳಿರುತ್ತೀರಿ. 1976ರಲ್ಲಿ ಹುಟ್ಟಿ 1983ರಲ್ಲಿ, ಏಳು ತುಂಬುವ ಮೊದಲೇ ತೀರಿಕೊಂಡ. ಅಷ್ಟರಲ್ಲಿ ಸುಮಾರು 25,000 ಚಿತ್ರ ಬರೆದಿದ್ದ. ಲೆಕ್ಕ ಹಾಕಿ ನೋಡಿ, ದಿನಕ್ಕೆ ಸುಮಾರು ಹತ್ತು. ಯಾರದೋ ಒತ್ತಾಯಕ್ಕೆ, ಯಾರದೋ ಚಪ್ಪಾಳೆಗೆ ಅಷ್ಟು ಪುಟ್ಟ ಮಗುವಿನ ಕೈಯಿಂದ ಅಷ್ಟು ಬರುವುದಿಲ್ಲ. ಅದು ಅವನಿಗೇ ಬೇಕಿತ್ತು.

ಈಗ ವಿಡಿಯೋ ವಿಷಯ. ಇದರಲ್ಲಿ ನನಗೆ ಸ್ವಂತ ಅನುಭವ ಇದೆ. ಹೇಳಲು ಬೇಸರವಾಗುತ್ತದೆ, ಆದರೂ ಹೇಳುತ್ತೇನೆ. ತುಂಬಾ ವರ್ಷಗಳ ಹಿಂದೆ, ನಾನು ಈ ಕುರ್ಚಿಗೆ ಹೊಸಬನಾಗಿದ್ದಾಗ, ಪುತ್ತಿಗೆ ಕಡೆಯ ಒಂದು ಮನೆಗೆ ಪೂಜೆಯ ಊಟಕ್ಕೆ ಹೋಗಿದ್ದೆ. ಆ ಮನೆಯ ಐದು ವರ್ಷದ ಹುಡುಗ ಹಟ್ಟಿಯ ಜಗಲಿಯಲ್ಲಿ ಅಡಿಕೆ ಹಾಳೆಯ ಮೇಲೆ ಮಸಿಯಲ್ಲಿ ಚಿತ್ರ ಬಿಡಿಸುತ್ತಾ ಕೂತಿದ್ದ. ಯಕ್ಷಗಾನದ ಕಿರೀಟ. ಆದರೆ ನಾವೆಲ್ಲ ನೋಡುವ ಹಾಗೆ ಎದುರಿನಿಂದ ಅಲ್ಲ. ವೇಷ ಕಟ್ಟುವ ಚೌಕಿಯಲ್ಲಿ ಕಿರೀಟವನ್ನು ಕೆಳಗೆ ಇಟ್ಟಿರುತ್ತಾರಲ್ಲ, ಹಾಗೆ ಮಗುಚಿದ್ದು. ಒಳಗಿನ ಬಟ್ಟೆ, ದಾರದ ಗಂಟು, ತಲೆಗೆ ಕೂರುವ ಜಾಗ, ಎಲ್ಲ ಇತ್ತು. ನನಗೆ ಮೈ ಜುಂ ಎಂದಿತು. ಮುಂದಿನ ಸಂಚಿಕೆಯ ಮುಖಪುಟದಲ್ಲೇ ಅವನ ಫೋಟೋ ಹಾಕಿದೆ, "ಬಾಲ ಪ್ರತಿಭೆ" ಎಂದು ದೊಡ್ಡ ಅಕ್ಷರದಲ್ಲಿ.

ಎರಡು ವರ್ಷ ಕಳೆದು ಮತ್ತೆ ಹೋದೆ. ಕಪಾಟಿನ ತುಂಬಾ ಬಣ್ಣದ ಪೆಟ್ಟಿಗೆಗಳು. ಮನೆಗೆ ಬಂದವರೆಲ್ಲ ಒಂದೊಂದು ತಂದಿದ್ದರು. ಬಂದವರೆಲ್ಲ ಕೂರಿಸಿ "ಒಂದು ಕೃಷ್ಣ ಬಿಡಿಸು, ಒಂದು ನವಿಲು ಬಿಡಿಸು" ಎಂದಿದ್ದರು. ಹುಡುಗ ಬಿಡಿಸಿ ಬಿಡಿಸಿ ಕೊಟ್ಟಿದ್ದ. ಆಮೇಲೆ ಒಂದು ದಿನ ನಿಲ್ಲಿಸಿದ. ಹೆಚ್ಚಿನ ಪೆಟ್ಟಿಗೆಗಳ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿರಲೇ ಇಲ್ಲ. ನನ್ನನ್ನು ಕಂಡ ಕೂಡಲೇ ಅವನು ಒಳಗೆ ಹೋದ. ಅವನ ಅಮ್ಮ ನನಗೆ ಏನೂ ಹೇಳಲಿಲ್ಲ, ಚಾ ಕೊಟ್ಟರು. ಆ ತಪ್ಪು ನನ್ನದು. ಅಂದಿನಿಂದ ಈ ಪತ್ರಿಕೆಯಲ್ಲಿ ಹತ್ತು ವರ್ಷದ ಒಳಗಿನ ಮಗುವಿನ ಫೋಟೋ ಅಂಥ ತಲೆಬರಹದಲ್ಲಿ ಬಂದಿಲ್ಲ.

ಹಾಗಾಗಿ ನಿಮ್ಮ ಭಾವನವರಿಗೆ ನನ್ನ ಹೆಸರು ಹೇಳಿಯೇ ಬೇಡ ಎನ್ನಿ. ಅವರದ್ದು ಪ್ರೀತಿಯೇ, ನನಗೆ ಅನುಮಾನ ಇಲ್ಲ. ವಿಡಿಯೋ ನೋಡಿದ ಸಾವಿರ ಜನ ನಾಳೆ ಇನ್ನೊಂದು ಬೇಕು ಎನ್ನುತ್ತಾರೆ. ತಾರೀಕು ಒಂದು ತಪ್ಪಿದರೆ ನಗುತ್ತಾರೆ. ನಾಲ್ಕು ವರ್ಷದವನಿಗೆ ತಪ್ಪು ಮಾಡಲು ಜಾಗ ಬೇಕು. ವೇದಿಕೆ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಯಕ್ಷಗಾನದ ಆಟದಲ್ಲಿ ಬಾಲಗೋಪಾಲ ವೇಷಕ್ಕೆ ಕುಣಿಯುವ ಮಕ್ಕಳನ್ನು ನೋಡಿ, ಒಬ್ಬನೇ ಅಲ್ಲ, ಜೋಡಿಯಾಗಿ ಕುಣಿಯುತ್ತಾರೆ. ಹೆಜ್ಜೆ ತಪ್ಪಿದರೆ ಭಾಗವತರು ಸುಧಾರಿಸುತ್ತಾರೆ. ಅಂಥ ವೇದಿಕೆ ಬೇರೆ.

ನಮ್ಮ ಕನ್ನಡದ ಇಬ್ಬರನ್ನು ನೆನಪು ಮಾಡಿಕೊಳ್ಳುತ್ತೇನೆ. ಶಕುಂತಲಾದೇವಿ ಬೆಂಗಳೂರಿನವರು. ತಂದೆ ಸರ್ಕಸ್ಸಿನಲ್ಲಿದ್ದರು. ಮೂರು ವರ್ಷದ ಮಗಳ ಜೊತೆ ಇಸ್ಪೀಟ್ ಆಡುವಾಗ ಅವಳ ನೆನಪಿನ ಶಕ್ತಿ ಕಂಡರು. ಆಮೇಲೆ ಊರೂರು ಪ್ರದರ್ಶನ. ಶಾಲೆ ಎಂಬುದು ಅವರಿಗೆ ಸರಿಯಾಗಿ ಸಿಗಲೇ ಇಲ್ಲ. 1980ರಲ್ಲಿ ಲಂಡನ್ನಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು. ಜಗತ್ತೇ ಬೆರಗಾಯಿತು. ಅವರನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆ. ಜೊತೆಗೆ, ಆ ಮೂರು ವರ್ಷದ ಹುಡುಗಿಗೆ ಒಬ್ಬ ಒಳ್ಳೆಯ ಗಣಿತದ ಮಾಷ್ಟ್ರು ಸಿಕ್ಕಿದ್ದರೆ ಎಂದೂ ಅನಿಸುತ್ತದೆ.

ಇನ್ನೊಬ್ಬರು ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ. ನಮಗೆಲ್ಲ ಕುಮಾರ ಗಂಧರ್ವ. ದೊಡ್ಡ ದೊಡ್ಡ ಉಸ್ತಾದರ ಗ್ರಾಮಫೋನ್ ರೆಕಾರ್ಡು ಕೇಳಿ, ಹಾಗೆಯೇ ಹಾಡುತ್ತಿದ್ದ ಮಗು. ಹತ್ತು ವರ್ಷಕ್ಕೆಲ್ಲ ವೇದಿಕೆ ಹತ್ತಿ ಹೆಸರಾಗಿತ್ತು. ಅಷ್ಟು ಹೆಸರು ಬಂದ ಮೇಲೂ ತಂದೆ ಅವನನ್ನು ಮುಂಬೈಯ ಬಿ.ಆರ್. ದೇವಧರ್ ಅವರ ಬಳಿ ಕಲಿಯಲು ಬಿಟ್ಟರು. ಇನ್ನೊಬ್ಬರ ಹಾಗೆ ಹಾಡುತ್ತಿದ್ದ ಹುಡುಗ ಮುಂದೆ ಯಾರ ಹಾಗೂ ಇಲ್ಲದ ಗಾಯಕನಾದ. ತೋರಿಸುವುದಕ್ಕೆ ಇಷ್ಟೊಂದು ಇರುವಾಗ ಕಲಿಯಲು ಕಳಿಸಿದರಲ್ಲ, ಆ ತಂದೆಯ ಧೈರ್ಯ ದೊಡ್ಡದು.

ಪೆನ್ಸಿಲಿನ ಅಳು. ಇದರ ಬಗ್ಗೆ ನೀವು ಜಾಸ್ತಿ ಹೆದರಿದ್ದೀರಿ. ಇಂಥ ಮಕ್ಕಳ ಬೆಳವಣಿಗೆ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಓದುವಾಗ ಎಂಟು ವರ್ಷದವನ ಹಾಗೆ ಕಾಣುವ ಮಗುವಿನ ಬೆರಳು ನಾಲ್ಕರದ್ದೇ, ಅಳು ಮೂರರದ್ದೂ ಇರಬಹುದು. ತಲೆಯೊಳಗೆ ಚಂದದ 'ಕ್ಷ' ಇದೆ, ಕೈ ಕೇಳುವುದಿಲ್ಲ, ಮೊನೆ ಮುರಿಯುತ್ತದೆ. ಸಿಟ್ಟು ಬಾರದೆ ಇರುತ್ತದಾ? "ಇಷ್ಟು ಬುದ್ಧಿ ಇರುವವನು ಹೀಗೆ ಅಳುವುದಾ" ಎಂದು ಮಾತ್ರ ಹೇಳಬೇಡಿ. ದಪ್ಪ ಬಳಪ ಕೊಡಿ. ಮರಳಿನಲ್ಲಿ ಬೆರಳಿನಿಂದ ಬರೆಯಲಿ.

ಒಂದು ವಿಷಯ ಮಾತ್ರ ಮುಂದೆ ಹಾಕಬೇಡಿ. ತುಂಬಾ ಬೇಗ ಓದಲು ಕಲಿಯುವ ಮಕ್ಕಳಲ್ಲಿ ಕೆಲವರಿಗೆ ಅಕ್ಷರ ಓಡುತ್ತದೆ, ಅರ್ಥ ಅಷ್ಟು ಓಡುವುದಿಲ್ಲ. ಇದಕ್ಕೆ ಹೈಪರ್‌ಲೆಕ್ಸಿಯಾ ಎಂಬ ಹೆಸರಿದೆ, 1967ರಿಂದ ಬಳಕೆಯಲ್ಲಿದೆ. ಕೆಲವೊಮ್ಮೆ ಇದು ಆಟಿಸಂ ಜೊತೆ ಬರುತ್ತದೆ, ಕೆಲವೊಮ್ಮೆ ಇಲ್ಲ. ಅವನು ಒಂದು ಪುಟ ಓದಿದ ಮೇಲೆ ಕತೆಯಲ್ಲಿ ಏನಾಯಿತು ಎಂದು ಅವನ ಮಾತಿನಲ್ಲಿ ಹೇಳುತ್ತಾನಾ? ಹೆಸರು ಕರೆದರೆ ತಿರುಗುತ್ತಾನಾ? ಏನಾದರೂ ಕಂಡರೆ ನಿಮಗೆ ಬೊಟ್ಟು ಮಾಡಿ ತೋರಿಸುತ್ತಾನಾ? ಅಂಗನವಾಡಿಯಲ್ಲಿ ಒಬ್ಬನೇ ಕೂರುವುದು ಸುಮ್ನೆ ಜೊತೆಗಾರ ಸಿಗದ ಬೇಸರ ಆಗಿರಬಹುದು. ಆದರೂ ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ, ಬೆಳವಣಿಗೆ ನೋಡಿ ಎಂದು ಕೇಳಿ. ನೋಡಿಸಿದರೆ ನಷ್ಟ ಇಲ್ಲ. ದೃಷ್ಟಿ ತೆಗೆಯುವುದಿದ್ದರೆ ಅದನ್ನೂ ತೆಗೆಯಿರಿ, ನಾನು ಬೇಡ ಎನ್ನುವುದಿಲ್ಲ. ಡಾಕ್ಟರ ಬದಲಿಗೆ ಮಾತ್ರ ಬೇಡ.

ಕ್ಲಾಸು ಹಾರಿಸುವ ಮಾತು ಈಗ ಬೇಡ. ಸರಿಯಾಗಿ ಆರಿಸಿ ಮುಂದಿನ ಕ್ಲಾಸಿಗೆ ಹಾಕಿದ ಮಕ್ಕಳು ಓದಿನಲ್ಲಿ ಹಿಂದೆ ಬೀಳುವುದಿಲ್ಲ ಎಂದೇ ಹೆಚ್ಚಿನ ಅಧ್ಯಯನಗಳು ಹೇಳುತ್ತವೆ, ಆದ್ದರಿಂದ ಆ ಮಾಷ್ಟ್ರು ಹೇಳಿದ್ದು ತಪ್ಪಲ್ಲ. ಆದರೆ ನಿಮ್ಮವನು ಶಾಲೆಯ ಮೆಟ್ಟಿಲೇ ಹತ್ತಿಲ್ಲ. ಒಂದನೇ ಕ್ಲಾಸಿನಲ್ಲಿ ಒಂದು ವರ್ಷ ಕೂರಲಿ, ಅಂಗಿಯ ಗುಬ್ಬಿ ಹಾಕಲು, ಸಾಲಿನಲ್ಲಿ ನಿಲ್ಲಲು, ಜಗಳ ಆಡಿ ರಾಜಿಯಾಗಲು ಕಲಿಯಲಿ. ಟೀಚರಲ್ಲಿ ಒಂದೇ ಮಾತು ಕೇಳಿ: ದಿನಕ್ಕೆ ಅರ್ಧ ಗಂಟೆ ಶಾಲೆಯ ಲೈಬ್ರರಿ ಕಪಾಟು ಇವನಿಗೆ ತೆರೆದಿರಲಿ.

ಶಾಲೆ ಕನ್ನಡದ್ದೇ ಇರಲಿ. ಇದನ್ನು ಕನ್ನಡ ಪತ್ರಿಕೆಯ ಸಂಪಾದಕ ಎಂದು ಹೇಳುವುದಲ್ಲ. ಅವನ ಪ್ರಶ್ನೆಗಳು ಹುಟ್ಟುವುದು ಕನ್ನಡದಲ್ಲಿ. ಅವು ಹುಟ್ಟಿದ ಭಾಷೆಯಲ್ಲೇ ಉತ್ತರ ಕೊಡುವವರು ಕೆಲವು ವರ್ಷವಾದರೂ ಬೇಕು. ನಾಲ್ಕನೇ ಕ್ಲಾಸಿನ ವಿದ್ಯಾರ್ಥಿವೇತನದ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ನಿಮ್ಮ ಪಕ್ಕದ ಪೆರಡಾಲದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಹನ್ನೆರಡನೇ ವಯಸ್ಸಿಗೆ ಕೈಬರಹದ ಪತ್ರಿಕೆ ಹೊರಡಿಸಿದವರು. ಆಮೇಲೆ ನೂರು ವರ್ಷ ಬದುಕಿ, ಕೊನೆವರೆಗೂ ಈ ನೆಲದ ಕನ್ನಡಕ್ಕೆ ದುಡಿದರು. ಮಣ್ಣಿನಲ್ಲಿ ಸಾರ ಇಲ್ಲ ಎನ್ನುವವರಿಗೆ ಇಷ್ಟು ಹೇಳಿ.

ಮನೆಯಲ್ಲಿ ಏನು ಮಾಡಬಹುದು? ಅಂಗಳದಲ್ಲಿ ಅಡಿಕೆ ಒಣಗಲು ಹಾಕಿರುತ್ತೀರಿ ಅಲ್ವಾ? ಹನ್ನೆರಡು ಅಡಿಕೆ ಅವನ ಮುಂದೆ ಇಡಿ. ಸಮನಾದ ಸಾಲು ಮಾಡಲಿ. ಎರಡು ಸಾಲಿನಲ್ಲಿ ಆರಾರು, ಮೂರು ಸಾಲಿನಲ್ಲಿ ನಾಲ್ಕು ನಾಲ್ಕು, ಅವನೇ ಕಂಡುಹಿಡಿಯುತ್ತಾನೆ. ಆಮೇಲೆ ಒಂದು ಅಡಿಕೆ ಸೇರಿಸಿ ಎದ್ದು ಹೋಗಿ. ಹದಿಮೂರು ಯಾವ ಸಾಲಿಗೂ ಒಗ್ಗುವುದಿಲ್ಲ. ಯಾಕೆ ಎಂದು ಅವನೇ ನಿಮ್ಮನ್ನು ಹುಡುಕಿಕೊಂಡು ಬರಲಿ.

ಕ್ಯಾಲೆಂಡರಿನ ಹುಚ್ಚು ಇರುವವನಿಗೆ ಕಾಸರಗೋಡಿಗಿಂತ ಒಳ್ಳೆಯ ಊರು ಇಲ್ಲ. ನಿಮ್ಮ ಗೋಡೆಯಲ್ಲಿ ಮಲಯಾಳ ಕ್ಯಾಲೆಂಡರೂ ಇರುತ್ತದೆ. ಅದರಲ್ಲಿ ಕರ್ಕಟಕ ಎಂದು ಇರುವ ತಿಂಗಳಿಗೇ ನಿಮ್ಮ ಅತ್ತೆ ಆಟಿ ಎನ್ನುತ್ತಾರೆ. ಚಿಂಙ ಬಂದರೆ ತುಳುವಿನಲ್ಲಿ ಸೋಣ. ಎರಡನ್ನೂ ಜೋಡಿಸಲು ಅಜ್ಜಿಯ ಪಕ್ಕ ಕೂರಿಸಿ. ಅಜ್ಜಿಗೆ ಗೊತ್ತಿರುವುದು ಕ್ಯಾಲೆಂಡರಿನಲ್ಲಿ ಇಲ್ಲ, ಅವನಿಗೆ ಗೊತ್ತಿರುವುದು ಅಜ್ಜಿಗೆ ಇಲ್ಲ.

ಬಂದವರು "ಯಾವ ವಾರ ಹೇಳು" ಎಂದರೆ, "ಇವತ್ತು ಅವನಿಗೆ ರಜೆ" ಎಂದುಬಿಡಿ.

ಇನ್ನು ಉಳಿದದ್ದು ಅವನಿಗೆ. ಇದನ್ನು ಅವನೇ ಓದಲಿ.

ಪುಟ್ಟಾ, ಭೂಮಿ ಸೂರ್ಯನಿಗೆ ಒಂದು ಸುತ್ತು ಬರಲು 365 ದಿನ ಮತ್ತು ಸುಮಾರು ಆರು ಗಂಟೆ ಬೇಕು. ಆ ಆರು ಗಂಟೆಗಳು ನಾಲ್ಕು ವರ್ಷಕ್ಕೆ ಸೇರಿ ಒಂದು ದಿನ ಆಗುತ್ತದೆ. ಅದನ್ನು ಎಲ್ಲಿಯಾದರೂ ಇಡಬೇಕಲ್ಲ? ಈ ಕ್ಯಾಲೆಂಡರ್ ಶುರುವಾದದ್ದು ರೋಮ್ ಎಂಬ ಊರಿನಲ್ಲಿ. ಅಲ್ಲಿ ಹಿಂದಿನ ಕಾಲದಲ್ಲಿ ವರ್ಷದ ಮೊದಲ ತಿಂಗಳು ಮಾರ್ಚ್, ಕೊನೆಯದು ಫೆಬ್ರವರಿ. ಎಲ್ಲರಿಗೂ ಬಡಿಸಿದ ಮೇಲೆ ಕೊನೆಗೆ ಕೂತವರಿಗೆ ಪಾಯಸ ಕಡಿಮೆ ಆಗುತ್ತದಲ್ಲ, ಹಾಗೆ ಫೆಬ್ರವರಿಗೆ ಕಡಿಮೆ ದಿನ ಬಂತು. ಹೆಚ್ಚಿನ ಆ ಒಂದು ದಿನವನ್ನೂ ಅದಕ್ಕೇ ಕೊಟ್ಟರು. ನಮ್ಮ ಆಫೀಸಿನ ಅಟ್ಟದಲ್ಲಿ 1996ರ ಕ್ಯಾಲೆಂಡರ್ ಸಿಕ್ಕಿದೆ. ಅದನ್ನೂ 2024ರದ್ದನ್ನೂ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಎರಡನ್ನೂ ಪಕ್ಕಪಕ್ಕ ಹಾಸಿ ನೋಡು. ಏನು ಕಂಡಿತು ಎಂದು ನನಗೆ ಬರೆ. ಅಕ್ಷರ ಸೊಟ್ಟ ಆದರೆ ಪರವಾಗಿಲ್ಲ.

– ಸಂಪಾದಕ