ಸಂಪಾದಕರ ಉತ್ತರ: ನುನ್ಚಿ ಕಲಿಯಬಹುದೇ?

ಮಗಳು ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನಲ್ಲಿ ಕೆಲಸಕ್ಕೆ ಸೇರಿದ್ದಾಳೆ, ಕೆಲಸದಲ್ಲಿ ಕೊರತೆಯಿಲ್ಲ, ಆದರೂ ‘ನುನ್ಚಿ ಇಲ್ಲ’ ಎಂದು ಆಡಿಕೊಳ್ಳುತ್ತಾರಂತೆ. ಇದು ಹುಟ್ಟಿನಿಂದ ಬರುವ ಗುಣವೇ ಎಂದು ಮೈಸೂರಿನ ಓದುಗರೊಬ್ಬರು ಕೇಳಿದ್ದಾರೆ.

ಖಂಡಿತ ಅಲ್ಲ. ಎದುರಿನವರು ಬಾಯಿಬಿಟ್ಟು ಹೇಳುವ ಮೊದಲೇ ಅವರ ಮನಸ್ಸು ಗ್ರಹಿಸಿ ನಡೆಯುವುದೇ ನುನ್ಚಿ. ಅಲ್ಲಿನ ಮಕ್ಕಳೂ ಬೈಸಿಕೊಂಡೇ ಕಲಿಯುತ್ತಾರೆ. ನಿಮ್ಮ ಮಗಳು ಮೊದಲು ಗಮನಿಸಬೇಕಾದ್ದು ಮುಖಗಳನ್ನಲ್ಲ, ಹಿರಿಕಿರಿಯರ ಕ್ರಮವನ್ನು. ಅದು ತಿಳಿಯದಿದ್ದರೆ ಯಾರ ಮೌನವೂ ಅರ್ಥವಾಗದು.

ಕಲಿಯಲು ಒಳ್ಳೆಯ ಜಾಗ ‘ಹ್ವೇಶಿಕ್’, ಅಂದರೆ ಕಚೇರಿಯವರೆಲ್ಲ ಸೇರಿ ಮಾಡುವ ಊಟ. ಬಾಗಿಲಿನಿಂದ ದೂರದ, ಒಳಬದಿಯ ಜಾಗ ಹಿರಿಯರದು; ಆಕೆ ಬಾಗಿಲ ಹತ್ತಿರ ಕೂರಲಿ. ಎಷ್ಟೋ ಹೋಟೆಲುಗಳಲ್ಲಿ ಚಮಚ, ಚಾಪ್‌ಸ್ಟಿಕ್‌ಗಳು ಮೇಜಿನ ಪಕ್ಕದ ಡ್ರಾಯರ್‌ನಲ್ಲೇ ಇರುತ್ತವೆ. ಅವನ್ನು ತೆಗೆದು ಎಲ್ಲರ ಮುಂದಿಡುವುದು, ನೀರು ಹಾಕುವುದು ಸಾಮಾನ್ಯವಾಗಿ ಕಿರಿಯರ ಕೆಲಸ. ಯಾರೂ ಹೇಳುವುದಿಲ್ಲ, ಆದರೆ ಸುಮ್ಮನೆ ಕೂತವರು ಕಣ್ಣಿಗೆ ಬೀಳುತ್ತಾರೆ. ಹಿರಿಯರು ಚಮಚ ಎತ್ತಿದ ಮೇಲೆಯೇ ಊಟ. ಅಲ್ಲಿನ ಮದ್ಯವಾದ ಸೊಜು ಬಗ್ಗಿಸುವಾಗಲೂ ಲೋಟ ಒಡ್ಡುವಾಗಲೂ ಎರಡು ಕೈ. ಕುಡಿಯುವಾಗ ಹಿರಿಯರಿಂದ ಮುಖ ಪಕ್ಕಕ್ಕೆ. ತನ್ನ ಲೋಟಕ್ಕೆ ತಾನೇ ಸುರಿದುಕೊಳ್ಳಬಾರದು. ಅರ್ಧ ಖಾಲಿಯಾದ ಲೋಟಕ್ಕೆ ಮತ್ತೆ ಸುರಿಯುವುದೂ ರೂಢಿಯಲ್ಲ. ಹಾಗಾಗಿ ಕುಡಿಯದವರು ತುಂಬಿದ ಲೋಟವನ್ನು ಹಾಗೆಯೇ ಇಟ್ಟುಕೊಂಡರೆ ಒತ್ತಾಯ ಕಡಿಮೆ. ‘ಸೈಡರ್’ ಕೇಳಲೂಬಹುದು, ಅಲ್ಲಿ ಅದು ನಿಂಬೆ ರುಚಿಯ ಸೋಡಾ.

ನಮ್ಮವರು ಹೆಚ್ಚು ಎಡವುವುದು ನಿರಾಕರಣೆಯಲ್ಲಿ. ‘ಇನ್ನೂ ಸ್ವಲ್ಪ ಹಾಕಲೇ?’ ಎಂದರೆ ‘ಗ್ವೆಂಚನಾಯೊ’ ಎಂಬ ಉತ್ತರ ಬರುತ್ತದೆ. ‘ಪರವಾಗಿಲ್ಲ’ ಎಂದು ತಿಳಿದು ಬಡಿಸಿಬಿಡುತ್ತೇವೆ, ಅವರು ಹೇಳಿದ್ದು ‘ಸಾಕು’. ಮೀಟಿಂಗಿನಲ್ಲಿ ‘ಪರಿಶೀಲಿಸುತ್ತೇವೆ’ ಎಂದವರು ದಿನಾಂಕ ಹೇಳದಿದ್ದರೆ, ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡರೆ, ಅದು ಬಹುಪಾಲು ‘ಆಗದು’. ಅಲ್ಲೇ ಎಲ್ಲರೆದುರು ‘ಯಾಕೆ?’ ಎಂದು ಕೆದಕಿದರೆ ಅವರ ಮುಖಭಂಗವಾಗುತ್ತದೆ. ಆಮೇಲೆ ಕಾಫಿ ಹೊತ್ತಿನಲ್ಲಿ, ತನಗಿಂತ ಒಂದೆರಡು ವರ್ಷ ಹಿರಿಯ ಸಹೋದ್ಯೋಗಿಯನ್ನು ಒಬ್ಬರೇ ಇದ್ದಾಗ ಕೇಳಲಿ. ಈ ದಾರಿ ಎಲ್ಲಕ್ಕಿಂತ ಉಪಯುಕ್ತ.

ಆದರೆ ಬಾಸ್ ಏಳುವವರೆಗೂ ಕೆಲಸವಿಲ್ಲದೆ ಕೂರುವುದನ್ನು ನಾನು ಒಪ್ಪುವುದಿಲ್ಲ. 2018ರಿಂದ ಹಂತಹಂತವಾಗಿ ಜಾರಿಯಾದ ನಿಯಮದಂತೆ ವಾರಕ್ಕೆ 40 ಗಂಟೆ, ಓವರ್‌ಟೈಮ್ ಸೇರಿ 52. ಕಚೇರಿ ಕಿರುಕುಳ ತಡೆಯುವ ಕಾನೂನು 2019ರ ಜುಲೈನಿಂದ ಇದೆ. ಹೊರಡುವಾಗ ‘ನಾನು ಮಾಡಬೇಕಾದ್ದು ಇನ್ನೇನಾದರೂ ಇದೆಯೇ?’ ಎಂದು ಕೇಳಿ, ತಲೆಬಾಗಿ, ಮನೆಗೆ ಹೋಗಲಿ.