ಆಕಾಶ ಛಾಯಾಗ್ರಹಣ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಓರಿಯನ್ ನೀಹಾರಿಕೆಯ 30 ಸೆಕೆಂಡಿನ 80 ಚಿತ್ರಗಳನ್ನು ತೆಗೆದು ಸಿರಿಲ್ ಎಂಬ ಸಾಫ್ಟ್‌ವೇರ್‌ನಲ್ಲಿ ಸ್ಟ್ಯಾಕ್ ಮಾಡಿದೆ (ಒಂದರ ಮೇಲೊಂದು ಜೋಡಿಸಿ ಒಂದೇ ಚಿತ್ರವಾಗಿಸಿದೆ). ಇಡೀ ಚಿತ್ರ ಪಾಚಿ ಹಸಿರಾಗಿ ಬಂತು. ಹಸಿರು ತೆಗೆದು ಸ್ಯಾಚುರೇಷನ್ ಏರಿಸಿದರೆ ನೀಹಾರಿಕೆಯೆಲ್ಲ ಗುಲಾಬಿ, ನಕ್ಷತ್ರಗಳು ಬರೀ ಬಿಳಿ ಚುಕ್ಕೆ. ನಿಜವಾದ ಬಣ್ಣ ಯಾವುದು?

ಉತ್ತರ: ಆ ಹಸಿರು ನಿಮ್ಮ ತಪ್ಪಿನಿಂದ ಬಂದದ್ದಲ್ಲ. ಸೆನ್ಸರ್ ಹಸಿರು ಬೆಳಕನ್ನು ಹೆಚ್ಚು ಚೆನ್ನಾಗಿ ಹಿಡಿಯುತ್ತದೆ. ಜೆಪೆಗ್ ಆದರೆ ಕ್ಯಾಮೆರಾ ತಾನೇ ಸರಿದೂಗಿಸಿ ಕೊಡುತ್ತದೆ, ಸೆನ್ಸರ್ ಹಿಡಿದದ್ದನ್ನು ಹಾಗೆಯೇ ಇಡುವ ರಾ ಫೈಲ್‌ನಲ್ಲಿ ಆ ಕೆಲಸ ನಮ್ಮ ಪಾಲಿಗೆ ಬರುತ್ತದೆ.

ನೀವು ಎಡವಿದ್ದು ಕೆಲಸದ ಕ್ರಮದಲ್ಲಿ. ಸ್ಟ್ರೆಚ್ ಮಾಡುವ, ಅಂದರೆ ಮಂಕಾದ ಭಾಗಗಳನ್ನು ಬೆಳಗಿಸುವ ಮುಂಚೆ, ಚಿತ್ರ ಇನ್ನೂ ಕಪ್ಪಗೆ ಕಾಣುವಾಗಲೇ, ಬಣ್ಣ ಸರಿಯಾಗಬೇಕು. ಮೊದಲು ಹಿನ್ನೆಲೆಯ ಗ್ರೇಡಿಯೆಂಟ್ (ಒಂದು ಬದಿಯಿಂದ ಇನ್ನೊಂದು ಬದಿಗೆ ಏರಿಳಿಯುವ ಹೊಳಪು) ತೆಗೆಯಿರಿ. ಆಮೇಲೆ ಫೋಟೋಮೆಟ್ರಿಕ್ ಕಲರ್ ಕ್ಯಾಲಿಬ್ರೇಷನ್. ಅದು ನಿಮ್ಮ ಚಿತ್ರದ ನಕ್ಷತ್ರಗಳನ್ನು ಗುರುತಿಸಿ, ಅಳೆದಿಟ್ಟ ಅವುಗಳ ಬಣ್ಣಕ್ಕೆ ಚಿತ್ರವನ್ನು ಹೊಂದಿಸುತ್ತದೆ. ನಾನು ಇಂದಿಗೂ ನೀಹಾರಿಕೆಯನ್ನು ಕೊನೆಗೆ ನೋಡುತ್ತೇನೆ. ಚಿತ್ರವನ್ನು ಎರಡು ಪಟ್ಟು ಹಿಗ್ಗಿಸಿ ಒಂದು ಮೂಲೆಯ ನಕ್ಷತ್ರಗಳನ್ನು ನೋಡುವುದು ಮೊದಲ ಕೆಲಸ. ಕೆಲವು ನೀಲಿ ಛಾಯೆ, ಕೆಲವು ಹಳದಿ, ಒಂದೆರಡು ಕಿತ್ತಳೆ ಇದ್ದರೆ ಸರಿ. ಒಂದೇ ಒಂದು ನಕ್ಷತ್ರ ಹಸಿರಾಗಿ ಕಂಡರೂ ಹಿಂದಕ್ಕೆ ಹೋಗುತ್ತೇನೆ, ಏಕೆಂದರೆ ನಮ್ಮ ಕಣ್ಣಿಗೆ ಹಸಿರಾಗಿ ಕಾಣುವ ನಕ್ಷತ್ರವೇ ಇಲ್ಲ.

ಹಸಿರು ತೆಗೆಯುವ ಟೂಲ್ ಬಗ್ಗೆ ಮಾತ್ರ ಎಚ್ಚರ. ನಾನು ಮೊದಲ ವರ್ಷ ಅದನ್ನು ಪೂರ್ತಿ ಬಲದಲ್ಲಿ ಓಡಿಸುತ್ತಿದ್ದೆ. ಹಿನ್ನೆಲೆಯೇನೋ ಶುಭ್ರವಾಯಿತು, ಆದರೆ ಟ್ರಪೀಜಿಯಮ್ ಎಂಬ ನಾಲ್ಕು ನಕ್ಷತ್ರಗಳ ಸುತ್ತ ಇದ್ದ ತೆಳು ಹಸಿರು-ನೀಲಿ ಹೊಳಪು ಮಾಸಿ ನೇರಳೆಯಾಗಿಬಿಟ್ಟಿತು. ಅದು ನಿಜವಾದ ಬಣ್ಣ. ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕ 500.7 ನ್ಯಾನೋಮೀಟರಿನಲ್ಲಿ ಸೂಸುವ ಬೆಳಕು ಅಲ್ಲಿರುತ್ತದೆ. 1864ರಲ್ಲಿ ವಿಲಿಯಂ ಹಗಿನ್ಸ್ ಬೇರೊಂದು ನೀಹಾರಿಕೆಯ ರೋಹಿತದಲ್ಲಿ ಈ ಹಸಿರು ಗೆರೆ ಕಂಡಾಗ ಅದು ಯಾವ ಧಾತುವಿನದೆಂದು ಯಾರಿಗೂ ಹೊಳೆಯಲಿಲ್ಲ. 'ನೆಬ್ಯುಲಿಯಂ' ಎಂಬ ಹೊಸ ಧಾತುವನ್ನೇ ಊಹಿಸಿದರು. 1927ರಲ್ಲಿ ಐರಾ ಬೋವನ್ ಬಿಡಿಸಿ ಹೇಳುವವರೆಗೂ ಅದು ಒಗಟಾಗಿಯೇ ಉಳಿದಿತ್ತು. ಅಂಥ ಬಣ್ಣವನ್ನು ಒಂದು ಕ್ಲಿಕ್ಕಿನಲ್ಲಿ ಅಳಿಸಿದ್ದೆನಲ್ಲ ಎಂದು ಈಗಲೂ ಸಂಕಟವಾಗುತ್ತದೆ. ಟೂಲ್ ಬೇಕೇ ಬೇಕೆನಿಸಿದರೆ ಕ್ಯಾಲಿಬ್ರೇಷನ್ ಆದ ಮೇಲೆ, ಕಡಿಮೆ ಬಲದಲ್ಲಿ, ಹಿನ್ನೆಲೆಗಷ್ಟೇ ಬಳಸಿ.

ನೀಹಾರಿಕೆಯ ರೆಕ್ಕೆಗಳಲ್ಲಿ ಗುಲಾಬಿ ಬರುವುದು ಸರಿಯೇ. ಅಲ್ಲಿರುವ ಜಲಜನಕ 656.3 ನ್ಯಾನೋಮೀಟರಿನ ಕಡುಗೆಂಪನ್ನೂ ಅದರ ಜೊತೆ 486.1ರ ನೀಲಿಯನ್ನೂ ಸೂಸುತ್ತದೆ. ಮಾರ್ಪಾಡು ಮಾಡದ ಕ್ಯಾಮೆರಾದ ಒಳಗಿನ ಫಿಲ್ಟರ್ ಆ ಕೆಂಪಿನ ಬಹುಪಾಲನ್ನು ತಡೆಯುವುದರಿಂದ ನಿಮ್ಮ ಗುಲಾಬಿ ಇನ್ನಷ್ಟು ತೆಳುವಾಗುತ್ತದೆ. ಅದನ್ನು ಸ್ಲೈಡರ್ ಎಳೆದು ಕೆಂಪು ಮಾಡಬೇಡಿ, ಬಣ್ಣಕ್ಕಿಂತ ನಾಯ್ಸ್ (ಕಾಳುಕಾಳಾದ ಕಲೆ) ಹೆಚ್ಚುತ್ತದೆ.

ನಕ್ಷತ್ರಗಳು ಬಿಳಿಯಾದದ್ದು ಸ್ಟ್ರೆಚ್‌ನಲ್ಲಿ ಕೆಂಪು, ಹಸಿರು, ನೀಲಿ ಮೂರೂ ಚಾನೆಲ್ ಹೊಳಪಿನ ತುದಿ ಮುಟ್ಟಿದ್ದರಿಂದ. ಬಣ್ಣಗಳ ಅನುಪಾತ ಕೆಡಿಸದೆ ಬೆಳಗಿಸುವ ಆರ್ಕ್‌ಸೈನ್‌ಎಚ್ ಸ್ಟ್ರೆಚ್ ಅನ್ನು ಸ್ವಲ್ಪ ಸ್ವಲ್ಪವಾಗಿ ಮಾಡಿ, ಬಣ್ಣ ಉಳಿಯುತ್ತದೆ. ಟ್ರಪೀಜಿಯಮ್ ಕ್ಯಾಮೆರಾದಲ್ಲೇ ಸುಟ್ಟು ಬಿಳಿಯಾಗಿದ್ದರೆ ಯಾವ ಸಾಫ್ಟ್‌ವೇರೂ ತಂದುಕೊಡದು. ಮುಂದಿನ ಸಲ ಐದು ಸೆಕೆಂಡಿನ ಒಂದಿಪ್ಪತ್ತು ಚಿತ್ರಗಳನ್ನು ಬೇರೆಯಾಗಿ ತೆಗೆದು ನಡುಭಾಗಕ್ಕೆ ಸೇರಿಸಿ.

ಪ್ರಶ್ನೆ: ಹಬಲ್ ಬಾಹ್ಯಾಕಾಶ ದೂರದರ್ಶಕದ ಚಿತ್ರಗಳ ಚಿನ್ನ-ನೀಲಿ ಬಣ್ಣ ಹಾಗಾದರೆ ಸುಳ್ಳೇ?

ಉತ್ತರ: ಸುಳ್ಳಲ್ಲ, ಹಂಚಿಕೆ. ಗಂಧಕ ಮತ್ತು ಜಲಜನಕ ಎರಡರ ಬೆಳಕೂ ಕಣ್ಣಿಗೆ ಕೆಂಪೇ. ಎರಡನ್ನೂ ಬೇರ್ಪಡಿಸಿ ತೋರಿಸಲು ಗಂಧಕಕ್ಕೆ ಕೆಂಪು, ಜಲಜನಕಕ್ಕೆ ಹಸಿರು, ಆಮ್ಲಜನಕಕ್ಕೆ ನೀಲಿ ಕೊಡುತ್ತಾರೆ. 1995ರ ಈಗಲ್ ನೀಹಾರಿಕೆಯ ಕಂಬಗಳ ಚಿತ್ರ ಹೀಗೇ ಆದದ್ದು. ನೀವೂ ಮಾಡಬಹುದು, ಆದರೆ ಚಿತ್ರದ ಕೆಳಗೆ ಯಾವ ಅನಿಲಕ್ಕೆ ಯಾವ ಬಣ್ಣ ಕೊಟ್ಟಿದ್ದೀರಿ ಎಂದು ತಪ್ಪದೆ ಬರೆಯಿರಿ.