ಕಾಸರಗೋಡಲ್ಲಿ ಬಾವಿ ನೀರಿನ ಸೆನ್ಸರ್ ಮಾಡ್ತಿದ್ದೇವೆ, ಬೇರೆ ಟೀಮಿಗೆ ಕೋಡ್, ಡೇಟಾ ಕೊಟ್ರೆ ಕಾಪಿ ಹೊಡೀತಾರಾ?

ಹೊಡೀಲಿ ಮಾರಾಯ್ರೆ, ಹೊಡೆದ್ರೆ ನಿಮ್ಮ ಪುಣ್ಯ. ಕಾಲೇಜಲ್ಲಿದ್ದಾಗ ನಮಗೂ ಇದೇ ಹೆದರಿಕೆ. ಪೆರ್ಲ, ಬಾಯಾರು ಕಡೆಯ ಬಾವಿ, ಸುರಂಗದ (ಗುಡ್ಡ ಕೊರೆದು ನೀರು ತೆಗೆಯುವ ಅಡ್ಡ ಬಾವಿ) ನೀರಿನ ಪಿಎಚ್ (ನೀರು ಎಷ್ಟು ಆಮ್ಲೀಯ ಅಂತ ಹೇಳುವ ಅಂಕಿ, 7ಕ್ಕಿಂತ ಕೆಳಗೆ ಆಮ್ಲೀಯ) ನೋಡ್ಲಿಕ್ಕೆ ಇಎಸ್‌ಪಿ32 ಅನ್ನುವ ಸಣ್ಣ ಕಂಪ್ಯೂಟರ್ ಬೋರ್ಡಿಗೆ ಪ್ರೋಬ್ (ನೀರಲ್ಲಿ ಅದ್ದಿ ಅಳೆಯುವ ಕಡ್ಡಿ) ಸಿಕ್ಕಿಸಿ ಒಂದು ಬಾಕ್ಸ್ ಮಾಡಿದ್ದೆವು. ವಿಟ್ಲದ ಒಂದು ಟೀಮ್ ಅದನ್ನೇ ಮಾಡ್ತಿತ್ತು, ಅವರು ಫೋನ್ ಮಾಡಿದ್ರೆ "ಇನ್ನೂ ಶುರು ಮಾಡಿಲ್ಲ" ಅಂತ ಸುಳ್ಳು ಬಿಡ್ತಿದ್ದೆವು.

ಈ ಗುಟ್ಟಿನ ಫಲ ಎಂತ ಅಂದ್ರೆ, ನಾವು ಪ್ರೋಬನ್ನು ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರಲ್ಲಿ ಅದ್ದಿ ಇಡ್ತಿದ್ದೆವು. ಶುದ್ಧ ನೀರಲ್ವಾ, ಒಳ್ಳೇದೇ ಅಂತ. ಅಲ್ಲೇ ಕೆಟ್ಟದ್ದು. ಪ್ರೋಬಿನ ಒಳಗೆ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಉಂಟು, ಹೊರಗೆ ಉಪ್ಪೇ ಇಲ್ಲದ ನೀರಿದ್ರೆ ಒಳಗಿನದ್ದು ಮೆಲ್ಲ ಹೊರಗೆ ಹೋಗ್ತದೆ, ಗಾಜಿನ ಬಲ್ಬೂ ಮಂಕಾಗ್ತದೆ. ಇಡ್ಬೇಕಾದ್ದು ಅದೇ ಪೊಟ್ಯಾಸಿಯಂ ಕ್ಲೋರೈಡಿನ ಗಟ್ಟಿ ದ್ರಾವಣದಲ್ಲಿ, ಅಂದ್ರೆ 3 ಮೋಲಾರ್ ಕೆಸಿಎಲ್‌ನಲ್ಲಿ. ಸರಿ ಇರುವ ಪ್ರೋಬ್ 25 ಡಿಗ್ರಿಯಲ್ಲಿ ಒಂದು ಪಿಎಚ್‌ಗೆ ಸುಮಾರು 59 ಮಿಲಿವೋಲ್ಟ್ ಕೊಡ್ತದೆ, ನಮ್ಮದು ಕಮ್ಮಿಯಾಗ್ತಾ ಹೋಯ್ತು, ಕೋಡಲ್ಲಿ ಮಾತ್ರ ಮೊದಲ ದಿನದ ಲೆಕ್ಕವೇ ಕೂತಿತ್ತು. ಪಿಎಚ್ 7ರಲ್ಲಿ ಮಿಲಿವೋಲ್ಟ್ ಸುಮಾರು ಸೊನ್ನೆ, ಹಾಗಾಗಿ ಮಿಲಿವೋಲ್ಟ್ ಕಮ್ಮಿಯಾದ್ರೆ ಯಾವ ನೀರನ್ನು ಅಳೆದ್ರೂ 7ರ ಕಡೆಗೇ ಎಳೆದು ತೋರಿಸ್ತದೆ! ನಮ್ಮ ಮುರಕಲ್ಲಿನ ನೆಲದ ನೀರು ಮೊದಲೇ ಸ್ವಲ್ಪ ಆಮ್ಲೀಯ, 6ಕ್ಕಿಂತ ಕೆಳಗೆ ಇದ್ರೂ ಆಶ್ಚರ್ಯ ಇಲ್ಲ, ಬಾಕ್ಸ್ ನೋಡಿದ್ರೆ 6.8 ಅಂತದೆ. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಮಿತಿ 6.5ರಿಂದ 8.5, ಮತ್ತೆ ಕೇಳ್ಬೇಕಾ, ಮನೆ ಮನೆಗೆ ಹೋಗಿ "ನಿಮ್ಮ ನೀರು ಫಸ್ಟ್ ಕ್ಲಾಸ್" ಅಂತ ಹೇಳಿ ಬಂದೆವು. ಒಬ್ರು ಅಜ್ಜ ತೂತು ಬಿದ್ದ ಜಿಐ (ಸತು ಲೇಪದ ಕಬ್ಬಿಣ) ಪೈಪ್ ತಂದು ಮುಂದಿಟ್ಟು, "ಮತ್ತೆ ಇದನ್ನು ತಿಂದದ್ದು ಯಾರು ಮಾಣಿ?" ಅಂತ ಕೇಳಿದ್ರು. ಬಫರಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಪುನಃ ಪರೀಕ್ಷೆ ಮಾಡಿದ ದಾಖಲೆ ಇಲ್ಲ, ಮಿಲಿವೋಲ್ಟೂ ಸೇವ್ ಮಾಡಿಲ್ಲ, ತಿದ್ಲಿಕ್ಕೂ ದಾರಿ ಇಲ್ಲ. ಆ ಬೇಸಿಗೆಯ ಕೆಲಸ ಪೂರಾ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಕಡೆಗೆ ನಾಚಿಕೆ ಬಿಟ್ಟು ವಿಟ್ಲದವರಿಗೆ ತೋರಿಸಿದೆವು. ಅವರಲ್ಲೊಬ್ಬ ಪ್ರೋಬ್ ಅದ್ದಿಟ್ಟ ನೀರಿನ ಡಬ್ಬಿ ನೋಡಿದ ಕೂಡ್ಲೇ ತಪ್ಪು ಎಲ್ಲಿ ಅಂತ ಹೇಳಿದ. ಹಿಂದಿನ ವರ್ಷ ಅವನೂ ಹೀಗೇ ಒಂದು ಪ್ರೋಬ್ ಹಾಳು ಮಾಡಿದ್ದ, ಅವನೂ ಯಾರಿಗೂ ಹೇಳಿರ್ಲಿಲ್ಲ!

ಕೋಡ್ ಕೊಡ್ಬೇಕಾ ಬೇಡ್ವಾ ಅನ್ನೋದು ಪ್ರಶ್ನೆಯೇ ಅಲ್ಲ, ಅಂಥ ಕೋಡ್ ನೆಟ್ಟಲ್ಲಿ ಬೇಕಾದಷ್ಟು ಬಿದ್ದಿದೆ. ಕೊಡ್ಬೇಕಾದ್ದು ಕೆಟ್ಟ ಪ್ರೋಬಿನ ಕಥೆ, ಯಾವ ದಿನ 4 ಮತ್ತು 7ರ ಬಫರಲ್ಲಿ ಎಷ್ಟು ಮಿಲಿವೋಲ್ಟ್ ಬಂತು, ಆಗ ನೀರು ಎಷ್ಟು ಬಿಸಿ ಇತ್ತು, ಇಂಥದ್ದು. ಎಂಒಯು (ಒಪ್ಪಂದ ಪತ್ರ) ಎಲ್ಲ ಫೋಟೋ ತೆಗೀಲಿಕ್ಕೆ, ಅದಕ್ಕೆ ಕಾಯ್ಬೇಡಿ. ಬಾವಿ ಯಾರದ್ದು ಅಂತ ಮಾತ್ರ ಮನೆಯವರನ್ನು ಕೇಳದೆ ಹಾಕ್ಬೇಡಿ. ಮತ್ತೆ ಟಿಡಿಎಸ್ (ನೀರಲ್ಲಿ ಕರಗಿದ ಲವಣಗಳ ಅಳತೆ) ಕಮ್ಮಿ ಉಂಟು ಅಂತ "ಕುಡೀಬಹುದು" ಅಂದುಬಿಡ್ಬೇಡಿ, ಆ ಮೀಟರಿಗೆ ಕೋಲಿಫಾರ್ಮ್ ಬ್ಯಾಕ್ಟೀರಿಯಾವೂ ಕಾಣುದಿಲ್ಲ ಕೀಟನಾಶಕವೂ ಕಾಣುದಿಲ್ಲ, ಎಂಡೋಸಲ್ಫಾನ್ ಕಂಡ ಊರಿನವರು ನೀವು, ಬಿಡಿಸಿ ಹೇಳ್ಬೇಕಾ? ಅದಕ್ಕೆಲ್ಲ ಲ್ಯಾಬಿಗೇ ಕೊಡ್ಬೇಕು.